ನೆರೆಗೆ ತುತ್ತಾಗುವ ಪ್ರದೇಶಗಳ ಕಟ್ಟಡ ನಿಯಮಗಳ ಪರಿಷ್ಕರಣೆ ಕೋರಿ ಮನವಿ ಪತ್ರ

ಗೆ,
ಪ್ರಧಾನ ಕಾರ್ಯದರ್ಶಿಯವರು,
ನಗರಾಭಿವೃದ್ಧಿ ಇಲಾಖೆ, ಮಹಾರಾಷ್ಟ್ರ ಸರಕಾರ,
ಮಂತ್ರಾಲಯ, ಮುಂಬಯಿ

ಇವರಿಂದ: ಥಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಯ ಕನ್ನಡ ಭಾಷಿಕ ನಿವಾಸಿಗಳು

ವಿಷಯ: ಉಲ್ಲಾಸ ಮತ್ತು ವಾಲಧುನಿ ನದಿಗಳ ಹಾಗೂ ಥಾಣೆ ಖಾಡಿಯ ಅಂಚಿನಲ್ಲಿ ನೆಲ ಎತ್ತರಿಸಿ ಕಟ್ಟುವ ಕಾಮಗಾರಿಗಳ ನಿಯಂತ್ರಣ ಕುರಿತು.

ಮಾನ್ಯರೇ,

ಭಾರತ ಸಂವಿಧಾನದ 350ನೆಯ ವಿಧಿಯು, ಕುಂದುಕೊರತೆಯ ನಿವಾರಣೆಗಾಗಿ ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಮನವಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ನೀಡಿರುವುದರಿಂದ, ಈ ಮನವಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿ, ಅದರ ಮರಾಠಿ ಪಾಠವನ್ನು ಜೊತೆಗೆ ಲಗತ್ತಿಸಲಾಗಿದೆ. ಮನವಿದಾರರು ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡ, ವಿಜಯಪುರ, ಕಲಬುರಗಿ ಮುಂತಾದ ಜಿಲ್ಲೆಗಳಿಂದ ಹೊಟ್ಟೆಪಾಡಿಗಾಗಿ ಬಂದು, ಹೋಟೆಲು, ಅಂಗಡಿ, ಕಾರ್ಖಾನೆ, ಕಚೇರಿ ಮತ್ತು ಕಟ್ಟಡ ಕೆಲಸಗಳಲ್ಲಿ ದುಡಿದು, ಈ ನಾಲ್ಕು ನಗರಗಳನ್ನೇ ಊರಾಗಿಸಿಕೊಂಡ ಕುಟುಂಬಗಳವರು. ಇವರಲ್ಲಿ ಅನೇಕರ ಮನೆಗಳೂ ಅಂಗಡಿಗಳೂ ಹಳೆಯ ಚಾಳುಗಳ ಮತ್ತು ಹಳೆಯ ಸೊಸೈಟಿಗಳ ನೆಲ ಅಂತಸ್ತಿನಲ್ಲಿರುವುದರಿಂದ, ನೆರೆಯ ಅಂಚಿನಲ್ಲಿ ಯಾರು ಎಲ್ಲಿ ಎಷ್ಟು ಎತ್ತರಕ್ಕೆ ಕಟ್ಟಬೇಕೆಂಬ ನಿಯಮದ ಒಳಿತುಕೆಡುಕುಗಳು ಮೊದಲು ಮುಟ್ಟುವುದು ಇವರನ್ನು ಮತ್ತು ಇವರ ಅಕ್ಕಪಕ್ಕದ ಮರಾಠಿ, ಗುಜರಾತಿ, ಉತ್ತರ ಭಾರತೀಯ ನೆರೆಯವರನ್ನು.

ಸಹ್ಯಾದ್ರಿಯಲ್ಲಿ ಹುಟ್ಟುವ ಉಲ್ಲಾಸ ನದಿಯು ಕರ್ಜತ್ ಮತ್ತು ಬದಲಾಪುರಗಳನ್ನು ದಾಟಿ ಕಲ್ಯಾಣಕ್ಕೆ ಬರುತ್ತದೆ. ಬಾರವಿ, ಕಾಳು, ಭಾತಸಾ ನದಿಗಳ ನೀರು ಅದನ್ನು ಸೇರುತ್ತದೆ. ಅಂಬರನಾಥ ಮತ್ತು ಉಲ್ಲಾಸನಗರಗಳ ನಡುವೆ ಹರಿದು ಬರುವ ವಾಲಧುನಿ ನದಿಯೂ ಕಲ್ಯಾಣದ ಬಳಿ ಅದರೊಳಗೆ ಬೀಳುತ್ತದೆ. ಕಲ್ಯಾಣದಿಂದ ಕೆಳಗೆ ನದಿಯು ಖಾಡಿಯಾಗುತ್ತದೆ, ಎಂದರೆ ಸಮುದ್ರದ ಭರತ ಇಳಿತಗಳಿಗೆ ಒಳಪಟ್ಟ ಉಪ್ಪುನೀರಿನ ಹರಿವಾಗುತ್ತದೆ, ಮತ್ತು ಡೊಂಬಿವಲಿ, ದಿವಾ, ಥಾಣೆಗಳ ಅಂಚನ್ನು ಸವರಿ ವಸಾಯಿಯ ಕಡೆಗೆ ಸಾಗುತ್ತದೆ. ಆದ್ದರಿಂದ ಈ ಪ್ರದೇಶದಲ್ಲಿ ನೆರೆ ಎರಡು ದಿಕ್ಕಿನಿಂದ ಬರುತ್ತದೆ: ಘಟ್ಟದ ಮಳೆ ಮೇಲಿನಿಂದ ಇಳಿಯುವ ಹೊತ್ತಿಗೆ ಸಮುದ್ರದಲ್ಲಿ ಭರತವಿದ್ದರೆ ನೀರಿಗೆ ಹೊರಹೋಗಲು ದಾರಿಯಿರುವುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್ ಮಾಪನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾದಾಗ ಅದೇ ದಿನ 4.48 ಮೀಟರ್ ಎತ್ತರದ ಭರತವೂ ಕೂಡಿಬಂದಿತ್ತು. 2019ರ ಜುಲೈ 27ರಂದು ಬದಲಾಪುರ ಮತ್ತು ವಾಂಗಣಿಯ ನಡುವೆ ಮುಂಬಯಿ ಕೊಲ್ಹಾಪುರ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ರೈಲು ಉಲ್ಲಾಸದ ನೆರೆಯಲ್ಲಿ ಸಿಲುಕಿ, ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಗಳ ಮೂಲಕ ಪಾರುಗಾಣಿಸಬೇಕಾಯಿತು. ಎತ್ತರಿಸಿ ಹಾಕಿದ ರೈಲುಹಳಿಯೇ ಮುಳುಗಿದ ದಿನ ಹಳಿಗಿಂತ ತಗ್ಗಿನಲ್ಲಿದ್ದ ಮನೆಗಳ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ.

ನೆರೆಯ ಅಂಚನ್ನು ಗುರುತಿಸುವ ವಿಷಯದಲ್ಲಿ ಮಹಾರಾಷ್ಟ್ರವು ಹಿಂದುಳಿದ ರಾಜ್ಯವಲ್ಲವೆಂಬುದನ್ನು ಮನವಿದಾರರು ಗೌರವದಿಂದ ಒಪ್ಪುತ್ತಾರೆ. ರಾಜ್ಯದ ನೀರಾವರಿ ಇಲಾಖೆಯು 1989ರ ಸೆಪ್ಟೆಂಬರ್ ತಿಂಗಳಲ್ಲಿಯೇ ಸುತ್ತೋಲೆ ಹೊರಡಿಸಿ ನದಿಗಳಿಗೆ ಎರಡು ರೇಖೆಗಳನ್ನು ಗೊತ್ತುಪಡಿಸಿತು: ಸರಾಸರಿ 25 ವರ್ಷಗಳಿಗೊಮ್ಮೆ ಬರುವ ನೆರೆ ಮುಟ್ಟುವ ಮಟ್ಟ ನೀಲಿ ರೇಖೆ, 100 ವರ್ಷಗಳಿಗೊಮ್ಮೆ ಬರುವ ನೆರೆ ಮುಟ್ಟುವ ಮಟ್ಟ ಕೆಂಪು ರೇಖೆ. ದಡದಿಂದ ನೀಲಿ ರೇಖೆಯವರೆಗಿನದು ನಿಷಿದ್ಧ ವಲಯ, ನೀಲಿ ಕೆಂಪು ರೇಖೆಗಳ ನಡುವಿನದು ನಿರ್ಬಂಧಿತ ವಲಯ. ಆದರೆ ಈ ಅಂಕಿಗಳನ್ನು ಸಾಮಾನ್ಯ ಜನರು, ಕೆಲವೊಮ್ಮೆ ಅಧಿಕಾರಿಗಳೂ, ತಪ್ಪಾಗಿ ಅರ್ಥಮಾಡಿಕೊಳ್ಳುವುದುಂಟು. 25 ವರ್ಷಗಳ ನೆರೆಯೆಂದರೆ ಒಮ್ಮೆ ಬಂದ ಮೇಲೆ 25 ವರ್ಷ ಬಾರದ ನೆರೆಯಲ್ಲ. ಅದು ಪ್ರತಿ ವರ್ಷವೂ ಶೇಕಡಾ 4ರಷ್ಟು ಸಂಭವವಿರುವ ನೆರೆ. ಲೆಕ್ಕ ಹಾಕಿದರೆ, 20 ವರ್ಷದ ಗೃಹಸಾಲ ತೀರುವುದರೊಳಗೆ ನೀಲಿ ರೇಖೆಯ ಮೇಲಿರುವ ಮನೆಗೆ ಅಂಥ ನೆರೆ ಒಮ್ಮೆಯಾದರೂ ಮುಟ್ಟುವ ಸಂಭವ ಶೇಕಡಾ 56ರಷ್ಟಾಗುತ್ತದೆ, ಕೆಂಪು ರೇಖೆಯ ಮೇಲಿರುವ ಮನೆಗೂ ಶೇಕಡಾ 18ರಷ್ಟಿರುತ್ತದೆ. ಕಂತು ಕಟ್ಟಿ ಮನೆ ಕೊಳ್ಳುವ ಕುಟುಂಬಕ್ಕೆ ಈ ಲೆಕ್ಕವನ್ನು ಯಾರೂ ಹೇಳುವುದಿಲ್ಲ.

2020ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಏಕೀಕೃತ ಅಭಿವೃದ್ಧಿ ನಿಯಂತ್ರಣ ಮತ್ತು ಉತ್ತೇಜನ ನಿಯಮಾವಳಿಯು ಈ ರೇಖೆಗಳನ್ನು ಕಟ್ಟಡ ಪರವಾನಗಿಗೆ ಜೋಡಿಸಿದ್ದು ಒಳ್ಳೆಯ ಹೆಜ್ಜೆ. ಅದರ ಪ್ರಕಾರ ನಿಷಿದ್ಧ ವಲಯದಲ್ಲಿ ಉದ್ಯಾನ, ತೆರೆದ ತರಕಾರಿ ಮಾರುಕಟ್ಟೆ, ವಾಹನ ನಿಲುಗಡೆ, ಸ್ಮಶಾನ ಮೊದಲಾದವುಗಳಿಗೆ ಮಾತ್ರ ಅವಕಾಶವಿದೆ. ನಿರ್ಬಂಧಿತ ವಲಯದಲ್ಲಾದರೋ ಕೆಂಪು ರೇಖೆಯ ಮಟ್ಟಕ್ಕಿಂತ 0.45 ಮೀಟರ್ ಎತ್ತರದಲ್ಲಿ ಕಟ್ಟಡ ಕಟ್ಟಬಹುದು. ಮನವಿದಾರರ ಮುಖ್ಯ ಅಹವಾಲು ಇರುವುದು ಈ ಕೊನೆಯ ಅವಕಾಶದ ಬಗ್ಗೆ. ಆ ಎತ್ತರವನ್ನು ಕಂಬಗಳ ಮೇಲೆ ಏರಿಸಿ ಸಾಧಿಸಬೇಕೋ, ಇಡೀ ನಿವೇಶನಕ್ಕೆ ಮಣ್ಣು ಮತ್ತು ಡೆಬ್ರಿಸ್ ಸುರಿದು ಸಾಧಿಸಬೇಕೋ ಎಂಬುದನ್ನು ನಿಯಮ ಬಿಡಿಸಿ ಹೇಳುವುದಿಲ್ಲ. ಕಂಬಗಳ ನಡುವೆ ನೆರೆ ನೀರು ಬಂದು ಹೋಗುತ್ತದೆ. ಮಣ್ಣು ತುಂಬಿದ ನಿವೇಶನದಲ್ಲಿ ನಿಲ್ಲಬೇಕಾಗಿದ್ದ ನೀರು ಪಕ್ಕದ ತಗ್ಗಿಗೆ ನುಗ್ಗುತ್ತದೆ. ಒಂದು ಹೆಕ್ಟೇರ್ ಜಾಗವನ್ನು ಒಂದು ಮೀಟರ್ ಎತ್ತರಿಸಿದರೆ 10,000 ಘನಮೀಟರ್, ಅಂದರೆ ಒಂದು ಕೋಟಿ ಲೀಟರ್ ನೀರು ತನ್ನ ಜಾಗವನ್ನು ಕಳೆದುಕೊಳ್ಳುತ್ತದೆ; ಬೇಸಿಗೆಯಲ್ಲಿ ಡೊಂಬಿವಲಿಯ ಸೊಸೈಟಿಗಳು ತರಿಸುವಂಥ 10,000 ಲೀಟರ್‌ನ ಟ್ಯಾಂಕರ್‌ಗಳ ಲೆಕ್ಕದಲ್ಲಿ ಅದು ಸಾವಿರ ಟ್ಯಾಂಕರ್ ನೀರು. ಹೊಸ ಗೋಪುರದ ನಿವಾಸಿಗಳು ನಿಯಮದಿಂದಾಗಿ ಸುರಕ್ಷಿತರಾಗುತ್ತಾರೆ, ಅದೇ ನಿಯಮದಿಂದಾಗಿ ಮೂವತ್ತು ನಲವತ್ತು ವರ್ಷಗಳ ಹಿಂದೆ ಆಗಿನ ನೆಲಮಟ್ಟಕ್ಕೆ ಕಟ್ಟಿದ ಪಕ್ಕದ ಕಟ್ಟಡವು ನೆರೆಯ ಪಾಲಾಗುತ್ತದೆ. ಅನುಮತಿ ಕೊಡುವಾಗ ಈ ನೆರೆಮನೆಯವರನ್ನು ಯಾರೂ ಕೇಳುವುದಿಲ್ಲ, ಆಗುವ ನಷ್ಟಕ್ಕೆ ಯಾರೂ ಹೊಣೆಯಾಗುವುದಿಲ್ಲ. ಇದು ಅನ್ಯಾಯವೆಂದು ಮನವಿದಾರರು ಸ್ಪಷ್ಟವಾಗಿ ಹೇಳಬಯಸುತ್ತಾರೆ.

ಆದ್ದರಿಂದ ನಿರ್ಬಂಧಿತ ವಲಯದಲ್ಲಿ ಕಟ್ಟಡವನ್ನು ಕಂಬಗಳ ಮೇಲೆಯೇ ಏರಿಸಬೇಕು, ಕಂಬಗಳ ನಡುವಿನ ಜಾಗಕ್ಕೆ ಗೋಡೆ ಕಟ್ಟಕೂಡದು, ಮಣ್ಣು ತುಂಬುವುದು ಅನಿವಾರ್ಯವಾದಲ್ಲಿ ತುಂಬಿದಷ್ಟೇ ಪ್ರಮಾಣದ ನೀರು ನಿಲ್ಲುವ ಜಾಗವನ್ನು ಅದೇ ಹರಿವಿನ ದಂಡೆಯಲ್ಲಿ, ಅದೇ ಮಟ್ಟದಲ್ಲಿ ಅಗೆದು ಒದಗಿಸಬೇಕು ಎಂಬ ಷರತ್ತನ್ನು ನಿಯಮಾವಳಿಗೆ ಸೇರಿಸಬೇಕೆಂಬುದು ಈ ಮನವಿಯ ಪ್ರಥಮ ಬೇಡಿಕೆ. ಇದು ಅಪರೂಪದ ಕಲ್ಪನೆಯೇನಲ್ಲ. ಇಂಗ್ಲೆಂಡಿನಲ್ಲಿ ನೆರೆ ಬಯಲಿನಲ್ಲಿ ನೆಲ ಎತ್ತರಿಸುವವರಿಂದ ಮಟ್ಟಕ್ಕೆ ಮಟ್ಟ ಪರಿಹಾರದ ಜಾಗವನ್ನು ಕೇಳುವ ಪದ್ಧತಿಯಿದೆ. ಅಮೆರಿಕದ ಒಕ್ಕೂಟ ನಿಯಮಗಳು ನದಿಯ ಹರಿವಿನ ಪಾತ್ರವನ್ನು ಗುರುತಿಸುವಾಗ, ಇಕ್ಕೆಲದ ಎಲ್ಲ ಒತ್ತುವರಿಗಳೂ ಸೇರಿ 100 ವರ್ಷಗಳ ನೆರೆಯ ಮಟ್ಟವನ್ನು ಒಂದು ಅಡಿಗಿಂತ ಹೆಚ್ಚು ಏರಿಸಬಾರದೆಂಬ ಮಿತಿಯನ್ನು ಇಟ್ಟುಕೊಂಡಿವೆ. ಅಲ್ಲಿ ಗಮನಿಸಬೇಕಾದ ಮಾತು ‘ಎಲ್ಲವೂ ಸೇರಿ’ ಎಂಬುದು. ಒಂದೊಂದೇ ಕಡತವನ್ನು ನೋಡಿದಾಗ ಪ್ರತಿ ಕಟ್ಟಡದ ಪರಿಣಾಮವೂ ನಗಣ್ಯವಾಗಿ ಕಾಣುತ್ತದೆ. ಹತ್ತು ವರ್ಷಗಳ ಕಡತಗಳನ್ನು ಕೂಡಿಸಿ ನೋಡುವ ಏರ್ಪಾಟು ಇಲ್ಲಿ ಯಾವ ಮಹಾನಗರಪಾಲಿಕೆಗೂ ಕಡ್ಡಾಯವಾಗಿಲ್ಲ. ಅಂಥ ಕೂಡಿಕೆ ಲೆಕ್ಕವನ್ನು ಜಲಸಂಪನ್ಮೂಲ ಇಲಾಖೆ ಇಟ್ಟು, ವರ್ಷಕ್ಕೊಮ್ಮೆ ಪ್ರಕಟಿಸಬೇಕು.

ಇದೇ ನಿಯಮಾವಳಿಯು ನೀಲಿ ಅಥವಾ ಕೆಂಪು ರೇಖೆಯೊಳಗಿನ ಭಾಗಕ್ಕೆ ಸಲ್ಲುವ ಎಫ್‌ಎಸ್‌ಐಯನ್ನು, ಎಂದರೆ ನಿವೇಶನದ ವಿಸ್ತೀರ್ಣಕ್ಕೆ ಅನುಗುಣವಾಗಿ ಕಟ್ಟಬಹುದಾದ ಮಹಡಿ ವಿಸ್ತೀರ್ಣವನ್ನು, ಅದೇ ನಿವೇಶನದ ಉಳಿದ ಭಾಗದಲ್ಲಿ ಬಳಸಲು ಬಿಡುತ್ತದೆ. ನದಿಯಂಚನ್ನು ಖಾಲಿ ಬಿಟ್ಟ ಮಾಲೀಕನಿಗೆ ನಷ್ಟವಾಗದಿರಲೆಂಬ ಉದ್ದೇಶ ಸರಿಯಾದುದೇ. ಆದರೆ ಆ ‘ಉಳಿದ ಭಾಗ’ ಕೆಂಪು ರೇಖೆಯ ಹೊರಗೇ ಇರಬೇಕೆಂಬ ಷರತ್ತು ಬೇಕು, ಇಲ್ಲವಾದರೆ ನೆರೆಯ ಅಂಚಿನಲ್ಲಿಯೇ ಜನಸಾಂದ್ರತೆ ಹೆಚ್ಚುತ್ತದೆ. ಖಾಲಿ ಬಿಟ್ಟ ಭಾಗವೂ ಪಾಲಿಕೆಯ ವಶಕ್ಕೆ ಬಂದು ಶಾಶ್ವತವಾಗಿ ಖಾಲಿಯೇ ಉಳಿಯಬೇಕು.

ರೇಖೆಗಳನ್ನು ಎಳೆಯುವ ವಿಧಾನವೂ ಮರುಪರಿಶೀಲನೆಗೆ ಬರಬೇಕಾಗಿದೆ. ಕಲ್ಯಾಣದಿಂದ ಕೆಳಗಿನ ಭಾಗದಲ್ಲಿ ನದಿಯ ಹರಿವನ್ನಷ್ಟೇ ಲೆಕ್ಕ ಹಿಡಿದು ಎಳೆದ ರೇಖೆ ಸಾಲದು. ದೊಡ್ಡ ಹರಿವು ಮತ್ತು ದೊಡ್ಡ ಭರತ ಒಟ್ಟಿಗೆ ಬಂದರೆ ನೀರು ಎಲ್ಲಿಯವರೆಗೆ ಏರುತ್ತದೆಂಬುದನ್ನು, ಈಗಿನ ನದಿಪಾತ್ರದ ಅಡ್ಡಛೇದಗಳನ್ನು ಹೊಸದಾಗಿ ಅಳೆದು, ಈಚಿನ ಮಳೆಯ ದಾಖಲೆಗಳನ್ನು ಸೇರಿಸಿಕೊಂಡು ನಿರ್ಧರಿಸಬೇಕು. ವಾಲಧುನಿಯನ್ನು ಹಾಗೂ ಥಾಣೆಯ ಘೋಡಬಂದರ್ ರಸ್ತೆಯ ಬೆಟ್ಟಗಳಿಂದ ಖಾಡಿಗೆ ಇಳಿಯುವ ನಾಲೆಗಳನ್ನು ಚರಂಡಿಗಳೆಂದು ಭಾವಿಸದೆ ಅವುಗಳಿಗೂ ರೇಖೆ ಎಳೆಯಬೇಕು. ಹೀಗೆ ಎಳೆದ ರೇಖೆಯು ನಕ್ಷೆಯಲ್ಲಿ ಉಳಿಯದೆ, ಡೊಂಬಿವಲಿಯ ಮೋಠಾಗಾಂವ್, ರೇತಿಬಂದರ್, ಕಲ್ಯಾಣದ ಗಂಧಾರೆ, ಉಂಬರ್ಡೆ ಮುಂತಾದೆಡೆಗಳಲ್ಲಿ ಬಣ್ಣದ ಕಲ್ಲುಕಂಬಗಳಾಗಿ ನೆಲದ ಮೇಲೆ ನಿಲ್ಲಬೇಕು, ಮತ್ತು ಸಾತ್‌ಬಾರಾ ಉತಾರೆಯಲ್ಲಿ, ಅಂದರೆ ಕರ್ನಾಟಕದ ಪಹಣಿಗೆ ಸಮನಾದ ಭೂದಾಖಲೆಯಲ್ಲಿ, ಸರ್ವೆ ನಂಬರ್‌ವಾರು ನಮೂದಾಗಬೇಕು.

ನವಿ ಮುಂಬಯಿಯ ಪ್ರಶ್ನೆ ಬೇರೆ ಬಗೆಯದು. 1970ರಲ್ಲಿ ಸ್ಥಾಪನೆಯಾದ ಸಿಡ್ಕೊ ಸಂಸ್ಥೆಯು ಖಾಡಿಯಂಚಿನ ತಗ್ಗು ನೆಲದಲ್ಲಿ ನಗರ ಕಟ್ಟುವಾಗ ಡಚ್ಚರ ಪದ್ಧತಿಯನ್ನು ಅನುಸರಿಸಿ ಧಾರಣ ಕೊಳಗಳನ್ನು ನಿರ್ಮಿಸಿತು: ಭರತದ ಹೊತ್ತಿಗೆ ಖಾಡಿಯ ಕಡೆಯ ಬಾಗಿಲುಗಳು ಮುಚ್ಚಿ, ನಗರದ ಮಳೆನೀರು ಕೊಳದಲ್ಲಿ ನಿಂತು, ಇಳಿತವಾದಾಗ ಹೊರಹೋಗುತ್ತದೆ. ದೂರದೃಷ್ಟಿಯ ಈ ಏರ್ಪಾಟು ಇಂದು ಹೂಳಿನಿಂದ ದುರ್ಬಲವಾಗಿದೆ. ಹೂಳಿನ ಮೇಲೆ ಕಾಂಡ್ಲಾ ಗಿಡಗಳು ಬೆಳೆದಿರುವುದರಿಂದ, ಮತ್ತು ಕಾಂಡ್ಲಾ ನಾಶವು ಜೀವಿಸುವ ಹಕ್ಕಿಗೆ ಧಕ್ಕೆಯೆಂದು ಬಾಂಬೆ ಹೈಕೋರ್ಟ್ 2018ರ ಸೆಪ್ಟೆಂಬರ್‌ನಲ್ಲಿ ತೀರ್ಪಿತ್ತಿರುವುದರಿಂದ, ಹೂಳೆತ್ತಲು ನ್ಯಾಯಾಲಯದ ಅನುಮತಿ ಬೇಕಾಗುತ್ತದೆ. ಮನವಿದಾರರು ಆ ತೀರ್ಪನ್ನು ಸಡಿಲಿಸಲು ಕೇಳುತ್ತಿಲ್ಲ. ಭರತದ ಹೊಡೆತವನ್ನು ತಡೆಯುವ ಕಾಂಡ್ಲಾ ವನವೂ ಮಳೆನೀರನ್ನು ಹಿಡಿಯುವ ಕೊಳವೂ ಇದೇ ಜನರನ್ನು ಕಾಯುವವು. ಪ್ರತಿ ಕೊಳದ ಮೂಲ ಆಳವನ್ನೂ ಈಗಿನ ಆಳವನ್ನೂ ಅಳೆದು, ನೀರಿನ ಹಾದಿಗೆ ಬೇಕಾದಷ್ಟೇ ಭಾಗದಲ್ಲಿ ಹೂಳೆತ್ತುವ ಒಂದೇ ಸಮಗ್ರ ಯೋಜನೆಯನ್ನು ಸಿಡ್ಕೊ ಮತ್ತು ನವಿ ಮುಂಬಯಿ ಮಹಾನಗರಪಾಲಿಕೆಗಳು ಜಂಟಿಯಾಗಿ ನ್ಯಾಯಾಲಯದ ಮುಂದಿಡಬೇಕು. ಅಲ್ಲಿಯವರೆಗೆ ಕೊಳಗಳ ಅಂಚಿನಲ್ಲಾಗಲಿ ಉಳಿದಿರುವ ಜೌಗು ನೆಲದಲ್ಲಾಗಲಿ ಹೊಸ ಪರವಾನಗಿ ಕೊಡಕೂಡದು.

ನಿಯಮವನ್ನು ಬಿಗಿಗೊಳಿಸಿದಾಗ ಮೊದಲ ಪೆಟ್ಟು ಬಡವರ ಮೇಲೆ ಬೀಳುವ ಅಪಾಯವಿದೆ. ವಾಲಧುನಿಯ ದಂಡೆಯ ಚಾಳುಗಳಲ್ಲಿ ಇರುವವರು ಅಪಾಯವನ್ನು ಬಯಸಿ ಅಲ್ಲಿಗೆ ಹೋದವರಲ್ಲ. ಕೈಗೆಟುಕುವ ಬಾಡಿಗೆ ಬೇರೆಡೆ ಸಿಗದೆ ಹೋದವರು. ಅವರನ್ನು ತೆರವುಗೊಳಿಸುವ ಮೊದಲು ಅದೇ ನಗರದಲ್ಲಿ, ಮಕ್ಕಳ ಶಾಲೆಗೂ ದುಡಿಮೆಯ ಜಾಗಕ್ಕೂ ಹತ್ತಿರದಲ್ಲಿ ಮನೆ ಕೊಡಬೇಕು. ನಿಷಿದ್ಧ ವಲಯದಲ್ಲಿರುವ ಅಧಿಕೃತ ಹಳೆಯ ಕಟ್ಟಡಗಳಿಗೆ ಈಗಿನ ನಿಯಮ ಅಲ್ಲಿಯೇ ಪುನರ್ನಿರ್ಮಾಣಕ್ಕೆ ದಾರಿ ಮಾಡಿಕೊಟ್ಟಿದೆ. ಅಲ್ಲಿಂದ ಹೊರಬರಲು ಒಪ್ಪುವ ಸೊಸೈಟಿಗಳಿಗೆ ಅದಕ್ಕಿಂತ ಹೆಚ್ಚಿನ ಹಕ್ಕನ್ನು ಸುರಕ್ಷಿತ ಜಾಗದಲ್ಲಿ ಕೊಟ್ಟರೆ ಅನೇಕರು ಸ್ವಇಚ್ಛೆಯಿಂದ ಹೊರಬರುತ್ತಾರೆ. ಅಲ್ಲಿಯೇ ಉಳಿಯುವ ಕಟ್ಟಡಗಳಲ್ಲಿ ವಿದ್ಯುತ್ ಮೀಟರ್ ಕೋಣೆ, ನೀರಿನ ಪಂಪು, ಲಿಫ್ಟಿನ ಯಂತ್ರ ಮತ್ತು ಜನರೇಟರ್‌ಗಳು ಕೆಂಪು ರೇಖೆಗಿಂತ ಮೇಲಿರಬೇಕು.

ಡೊಂಬಿವಲಿಯ ಜನರಿಗೆ ಕಾಗದಪತ್ರಗಳ ಮೇಲಿನ ನಂಬಿಕೆ ಕುಸಿಯಲು ಕಾರಣವಿದೆ. ಪಾಲಿಕೆಯ ಖೋಟಾ ಪರವಾನಗಿಗಳನ್ನು ತೋರಿಸಿ ಮಹಾರೇರಾದಲ್ಲಿ, ಎಂದರೆ ರಾಜ್ಯದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿ ಪಡೆದು ಕಟ್ಟಿದ 65 ಕಟ್ಟಡಗಳನ್ನು ನೆಲಸಮ ಮಾಡುವಂತೆ ಬಾಂಬೆ ಹೈಕೋರ್ಟ್ 2024ರ ನವೆಂಬರ್‌ನಲ್ಲಿ ಆದೇಶಿಸಿದಾಗ, ಉಳಿತಾಯವನ್ನೆಲ್ಲ ಸುರಿದು ಮನೆ ಕೊಂಡಿದ್ದ ಕುಟುಂಬಗಳು ಬೀದಿಗೆ ಬೀಳುವ ಭೀತಿಗೆ ಒಳಗಾದವು. ಆ ಪ್ರಕರಣ ನೆರೆಗೆ ಸಂಬಂಧಿಸಿದ್ದಲ್ಲವಾದರೂ ಅದರ ಪಾಠ ಇಲ್ಲಿಗೂ ಅನ್ವಯಿಸುತ್ತದೆ. ಯೋಜನೆಯ ಮಹಾರೇರಾ ಪುಟದಲ್ಲಿಯೂ ಮಾರಾಟದ ಕರಾರಿನಲ್ಲಿಯೂ ನಿವೇಶನವು ನೆರೆ ರೇಖೆಗಳಿಂದ ಎಷ್ಟು ದೂರದಲ್ಲಿ, ಎಷ್ಟು ಎತ್ತರದಲ್ಲಿದೆ ಎಂಬುದನ್ನು ಮರಾಠಿ ಮತ್ತು ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಮುದ್ರಿಸುವುದನ್ನು, ಜಲಸಂಪನ್ಮೂಲ ಇಲಾಖೆಯಿಂದಲೇ ಅದು ನೇರವಾಗಿ ದೃಢಪಡುವುದನ್ನು ಕಡ್ಡಾಯಗೊಳಿಸಬೇಕು.

ಉಲ್ಲಾಸದ ಒಂದೇ ಕಣಿವೆಯಲ್ಲಿ ಬದಲಾಪುರ ಮತ್ತು ಅಂಬರನಾಥ ನಗರಸಭೆಗಳು, ಉಲ್ಲಾಸನಗರ, ಕಲ್ಯಾಣ ಡೊಂಬಿವಲಿ, ಭಿವಂಡಿ, ಥಾಣೆ ಪಾಲಿಕೆಗಳು ಮತ್ತು ರಾಜ್ಯದ ಕೈಗಾರಿಕಾ ಅಭಿವೃದ್ಧಿ ನಿಗಮವಾದ ಎಂಐಡಿಸಿ ಪ್ರತ್ಯೇಕವಾಗಿ ಪರವಾನಗಿ ಕೊಡುತ್ತವೆ. ಏಕೀಕೃತವೆಂಬ ಹೆಸರಿನ ನಿಯಮಾವಳಿಯ ವ್ಯಾಪ್ತಿಯಿಂದ ಎಂಐಡಿಸಿ ಪ್ರದೇಶಗಳು ಹೊರಗುಳಿದಿವೆ. ರಾಸಾಯನಿಕ ಕಾರ್ಖಾನೆಗಳಿರುವ ಕೈಗಾರಿಕಾ ವಲಯದ ನೆರೆ ನೀರು ಯಾವ ನಾಲೆಯಿಂದ ಯಾರ ಮನೆಗೆ ಹರಿಯುತ್ತದೆಂಬುದು ನಿಯಮದ ಹೊರಗಿನ ಪ್ರಶ್ನೆಯಾಗಿ ಉಳಿಯಬಾರದು. ಕೇಂದ್ರ ಸರಕಾರವು ನೆರೆ ಬಯಲು ವಲಯೀಕರಣದ ಮಾದರಿ ಮಸೂದೆಯನ್ನು 1975ರಲ್ಲಿಯೇ ರಾಜ್ಯಗಳಿಗೆ ಕಳುಹಿಸಿತು. ಮಣಿಪುರ 1978ರಲ್ಲಿ ಕಾಯಿದೆ ಮಾಡಿತು. ಮಹಾರಾಷ್ಟ್ರದಲ್ಲಾದರೋ ನದಿಯಂಚಿನ ಕೈಗಾರಿಕೆಗಳನ್ನು ನಿಯಂತ್ರಿಸುತ್ತಿದ್ದ ನದಿ ನಿಯಂತ್ರಣ ವಲಯ ನೀತಿಯನ್ನೂ 2015ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಸುತ್ತೋಲೆ ಮತ್ತು ನಿಯಮಗಳನ್ನು ಒಂದು ಅಧಿಸೂಚನೆಯಿಂದ ಬದಲಿಸಬಹುದು. ಆದ್ದರಿಂದ ನೆರೆ ರೇಖೆಗಳಿಗೆ ವಿಧಾನಮಂಡಲವು ಅಂಗೀಕರಿಸಿದ ಕಾಯಿದೆಯ ಬಲ ಬೇಕು. ಅಂತರದ ನಿಯಮ ಮಾತ್ರ ಸಾಲದೆಂಬುದನ್ನು ಬೆಂಗಳೂರಿನ ಅನುಭವ ತೋರಿಸಿದೆ: ರಾಜಕಾಲುವೆಗಳಿಗೆ 50, 25, 15 ಮೀಟರ್‌ಗಳ ಮೀಸಲು ಅಂಚು ಕಾಗದದಲ್ಲಿದ್ದೂ, 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರದ ಬಡಾವಣೆಗಳಿಂದ ಜನರನ್ನು ದೋಣಿ ಮತ್ತು ಟ್ರ್ಯಾಕ್ಟರ್‌ಗಳಲ್ಲಿ ಸಾಗಿಸಬೇಕಾಯಿತು.

ಕಾಯಿದೆಗೆ ಸಮಯ ಹಿಡಿಯಬಹುದೆಂಬುದನ್ನು ಮನವಿದಾರರು ಬಲ್ಲರು. ಆದರೆ ನಿರ್ಬಂಧಿತ ವಲಯದಲ್ಲಿ ಮಣ್ಣು ತುಂಬುವುದನ್ನು ತಡೆಯಲು ಇಲಾಖೆಯ ಒಂದು ನಿರ್ದೇಶನ ಸಾಕು. ಅದನ್ನು ಮುಂಬರುವ ಮಳೆಗಾಲಕ್ಕೆ ಮೊದಲೇ ಹೊರಡಿಸಬೇಕೆಂದೂ, ಉಳಿದ ಬೇಡಿಕೆಗಳ ಕುರಿತು ಕಲ್ಯಾಣ, ಥಾಣೆ ಮತ್ತು ವಾಶಿಯಲ್ಲಿ ಬಹಿರಂಗ ಅಹವಾಲು ಸಭೆಗಳನ್ನು ಕರೆದು, ನೆಲ ಅಂತಸ್ತಿನ ನಿವಾಸಿಗಳ ಮಾತನ್ನು ದಾಖಲಿಸಿಕೊಳ್ಳಬೇಕೆಂದೂ ಮನವಿದಾರರು ವಿನಂತಿಸುತ್ತಾರೆ.

ಇತಿ,
ಥಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಯ ಮನವಿದಾರರು

ಪ್ರತಿ: ಜಲಸಂಪನ್ಮೂಲ ಇಲಾಖೆ, ಸಂಬಂಧಪಟ್ಟ ಮಹಾನಗರಪಾಲಿಕೆಗಳ ಆಯುಕ್ತರು, ಸಿಡ್ಕೊ, ಎಂಐಡಿಸಿ