ಫಿಲೋಮಿನ ಎಂಬ ಹೆಸರು ಹಳತಾಯಿತೇ?

ದೀಕ್ಷಾಸ್ನಾನಕ್ಕೆ ಮಗುವಿನ ಹೆಸರು ಬರೆಸಲು ಬರುವ ತಂದೆತಾಯಿಯರು ಈಚಿನ ವರ್ಷಗಳಲ್ಲಿ ಹೇಳುವ ಹೆಸರುಗಳು ಬಹುಮಟ್ಟಿಗೆ ಎರಡು ಮೂರು ಅಕ್ಷರಗಳನ್ನು ಮೀರುವುದಿಲ್ಲ. ರಿಯಾ, ಜಿಯಾ, ಆನ್ಯಾ, ಕಿಯಾರಾ. ಕೇಳಲು ಇಂಪಾಗಿವೆ, ಬರೆಯಲು ಸುಲಭವಾಗಿವೆ. ಅರ್ಥವೇನೆಂದು ವಿಚಾರಿಸಿದರೆ ಮೊಬೈಲಿನಲ್ಲಿ ನೋಡಿ ಹೇಳುತ್ತಾರೆ. ಇದನ್ನು ದೂಷಿಸಲು ನಾವು ಲೇಖನಿ ಹಿಡಿದಿಲ್ಲ. ಹೆಸರಿಡುವ ಅಧಿಕಾರ ಹೆತ್ತವರದು. ಆದರೆ ಈ ಹೊಸ ಹೆಸರುಗಳಿಗೆ ಎಡೆಮಾಡಿಕೊಟ್ಟು ಮೂಲೆ ಸೇರುತ್ತಿರುವ ಒಂದು ಹಳೆಯ ಹೆಸರಿನ ಪರವಾಗಿ ನಾಲ್ಕು ಮಾತು ಹೇಳಬೇಕಾಗಿದೆ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಕಥೋಲಿಕ ಮನೆಗಳಲ್ಲಿ ಅಜ್ಜಿಯಂದಿರ ಹೆಸರಾಗಿ ಉಳಿದು, ಮೊಮ್ಮಕ್ಕಳ ಹೆಸರಾಗಲು ಸಂಕೋಚಪಡುತ್ತಿರುವ ಆ ಹೆಸರು ಫಿಲೋಮಿನ.

ಮೊದಲಿಗೆ ಹೆಸರಿನ ಅರ್ಥವನ್ನು ನೋಡೋಣ. ಇದು ಗ್ರೀಕ್ ಮೂಲದ ಪದ. ಪ್ರೀತಿಸು ಎಂಬ ಅರ್ಥವುಳ್ಳ ಧಾತುವಿನಿಂದ ಹುಟ್ಟಿದ ‘ಫಿಲೂಮೆನೆ’ ಎಂಬ ರೂಪಕ್ಕೆ ಪ್ರೀತಿಗೆ ಪಾತ್ರಳಾದವಳು, ಪ್ರಿಯಳು ಎಂದರ್ಥ. ತತ್ತ್ವಶಾಸ್ತ್ರಕ್ಕೆ ‘ಫಿಲಾಸಫಿ’, ಅಂದರೆ ಜ್ಞಾನಪ್ರೀತಿ, ಎಂಬ ಹೆಸರು ಬಂದದ್ದೂ ಇದೇ ಧಾತುವಿನಿಂದ. ಸಂತ ಪೌಲರು ಪತ್ರ ಬರೆದ ಫಿಲೆಮೋನ, ಪ್ರಕಟನಾ ಗ್ರಂಥದ ಏಳು ಸಭೆಗಳಲ್ಲಿ ಒಂದಾದ ಫಿಲದೆಲ್ಫಿಯ ಇವೆಲ್ಲ ಒಂದೇ ಬಳಗದವು. ಅರ್ಥವನ್ನಷ್ಟೇ ನೋಡುವುದಾದರೆ ಹಿಬ್ರೂ ಭಾಷೆಯ ದಾವೀದನೂ ಹತ್ತಿರದ ಬಂಧುವೇ. ಆ ಹೆಸರಿಗೂ ಪ್ರಿಯನು ಎಂಬ ಅರ್ಥವನ್ನು ಪಂಡಿತರು ಹೇಳುತ್ತಾರೆ. ಫಿಲೋಮಿನ ಎಂದರೆ ‘ಬೆಳಕಿನ ಮಗಳು’ ಎಂದು ಕೆಲವು ಪ್ರಾರ್ಥನಾ ಪುಸ್ತಕಗಳಲ್ಲಿ ಅಚ್ಚಾಗಿರುವುದುಂಟು. ಅದು ಲತೀನ್ ಪದಗಳೊಡನೆ ಭಕ್ತರು ಆಡಿದ ಆಟ. ಭಕ್ತಿಗೆ ಒಪ್ಪುತ್ತದೆ, ವ್ಯಾಕರಣಕ್ಕೆ ಒಪ್ಪುವುದಿಲ್ಲ.

ಈ ಹೆಸರು ಜಗತ್ತಿನಾದ್ಯಂತ ಹರಡಿದ ಬಗೆ ವಿಚಿತ್ರವಾದುದು. 1802ರ ಮೇ ತಿಂಗಳಲ್ಲಿ ರೋಮ್ ನಗರದ ಪ್ರಿಸಿಲ್ಲಾ ನೆಲಮಾಳಿಗೆಯ ಸ್ಮಶಾನದಲ್ಲಿ ಒಂದು ಸಮಾಧಿಯನ್ನು ತೆರೆಯಲಾಯಿತು. ಅದರ ಬಾಯಿಯನ್ನು ಮೂರು ಮಣ್ಣಿನ ಹಂಚುಗಳಿಂದ ಮುಚ್ಚಲಾಗಿತ್ತು. ಹಂಚುಗಳ ಮೇಲೆ ಲಂಗರು, ಬಾಣ, ಗರಿಗಳ ಚಿತ್ರಗಳ ನಡುವೆ ಬಣ್ಣದಲ್ಲಿ ಬರೆದ ಅಕ್ಷರಗಳಿದ್ದವು: ‘ಲುಮೆನಾ’, ‘ಪಾಕ್ಸ್ ತೆ’, ‘ಕುಂ ಫಿ’. ಹಾಗೆಯೇ ಓದಿದರೆ ಅರ್ಥವಾಗದು. ಮೊದಲನೆಯ ಹಂಚನ್ನು ಕೊನೆಗೆ ಇಟ್ಟರೆ ‘ಪಾಕ್ಸ್ ತೆಕುಂ ಫಿಲುಮೆನಾ’, ಅಂದರೆ ‘ಫಿಲುಮೆನಾ, ನಿನಗೆ ಶಾಂತಿ’ ಎಂದಾಗುತ್ತದೆ. ಒಳಗೆ ಹದಿಮೂರು ಹದಿನಾಲ್ಕರ ಪ್ರಾಯದ ಬಾಲೆಯೊಬ್ಬಳ ಅಸ್ಥಿಗಳೂ ಒಂದು ಸಣ್ಣ ಗಾಜಿನ ಕುಪ್ಪಿಯೂ ಇದ್ದವು. ಕುಪ್ಪಿಯಲ್ಲಿದ್ದುದು ರಕ್ತವೆಂದು ಅಂದಿನವರು ಭಾವಿಸಿ, ಆಕೆಯನ್ನು ಹುತಾತ್ಮಳೆಂದು ಪರಿಗಣಿಸಿದರು. 1805ರಲ್ಲಿ ಆ ಅವಶೇಷಗಳು ನೇಪಲ್ಸ್ ಬಳಿಯ ಮುನ್ಯಾನೋ ಎಂಬ ಊರಿಗೆ ಹೋದವು. 1835ರಲ್ಲಿ ಪೌಲಿನ್ ಜಾರಿಕೋ ಎಂಬ ಫ್ರೆಂಚ್ ಮಹಿಳೆ, ಸಾವಿನ ಅಂಚಿನಲ್ಲಿದ್ದವರು, ಅಲ್ಲಿ ಗುಣಮುಖರಾದರು. ಧರ್ಮಪ್ರಚಾರ ಕಾರ್ಯಕ್ಕೆ ಕಾಸು ಕಾಸು ಕೂಡಿಸುವ ಸಂಘವನ್ನು 1822ರಲ್ಲಿ ಲಿಯೋನ್ ನಗರದಲ್ಲಿ ಆರಂಭಿಸಿದವರು ಈಕೆಯೇ. 2022ರಲ್ಲಿ ಇವರನ್ನು ಪುನೀತರೆಂದು ಘೋಷಿಸಲಾಗಿದೆ. 1837ರಲ್ಲಿ ಜಗದ್ಗುರು ಹದಿನಾರನೆಯ ಗ್ರೆಗೊರಿಯವರು ಫಿಲೋಮಿನಳ ಹೆಸರಿನಲ್ಲಿ ಪೂಜೆಗೆ ಸಮ್ಮತಿ ಇತ್ತರು. ಆರ್ಸ್ ಗ್ರಾಮದ ಗುರು ಸಂತ ಜಾನ್ ಮರಿಯ ವಿಯಾನ್ನಿಯವರು ತಮ್ಮಲ್ಲಿ ನಡೆದ ಅದ್ಭುತಗಳನ್ನೆಲ್ಲ ಈ ಬಾಲೆಯ ಲೆಕ್ಕಕ್ಕೇ ಬರೆಯುತ್ತಿದ್ದರು. ಫ್ರಾನ್ಸಿನ ಗುರುಗಳು ಎಲ್ಲೆಲ್ಲಿಗೆ ಹೋದರೋ ಹೆಸರೂ ಅಲ್ಲಲ್ಲಿಗೆ ಹೋಯಿತು. ಮೈಸೂರು ಸೀಮೆಯ ಧರ್ಮಕಾರ್ಯವೂ ಫ್ರೆಂಚ್ ಗುರುಗಳ ಕೈಯಲ್ಲಿತ್ತೆಂಬುದನ್ನು ಓದುಗರು ಬಲ್ಲರು.

ಇಷ್ಟಾದರೂ ನಮ್ಮ ಕಡೆ ಹೆಸರು ಬೇರೂರಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಮಹಾರಾಜರ ಹುಜೂರ್ ಕಾರ್ಯದರ್ಶಿಗಳಾಗಿದ್ದ ಟಿ. ತಂಬೂಚೆಟ್ಟಿಯವರು 1926ರಲ್ಲಿ ಪ್ರೇಷಿತ ಪ್ರತಿನಿಧಿ ಪಿಸಾನಿಯವರಿಂದ ಸಂತಳ ಅವಶೇಷವನ್ನು ಪಡೆದು ಫಾದರ್ ಕೊಶೆಯವರಿಗೆ ಒಪ್ಪಿಸಿದರು. 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನ ಮಹಾದೇವಾಲಯಕ್ಕೆ ಅಡಿಗಲ್ಲು ಇಟ್ಟರು. 175 ಅಡಿ ಎತ್ತರದ ಎರಡು ಗೋಪುರಗಳ ಆ ಗುಡಿಗೆ ಸಂತ ಜೋಸೆಫರೂ ಪಾಲಕರು. ಆದರೂ ಜನ ಕರೆಯುವುದು ಫಿಲೋಮಿನ ಚರ್ಚ್ ಎಂದೇ. (ಪಾಪ, ಜೋಸೆಫರು ಇಲ್ಲಿಯೂ ಮಾತನಾಡದೆ ಹಿಂದೆ ನಿಂತಿದ್ದಾರೆ.) 1946ರಲ್ಲಿ ಅದೇ ಹೆಸರಿನ ಕಾಲೇಜೂ ಬಂದಿತು. ಮೈಸೂರಿಗೆ ಹೋಗಿಬಂದ ಹಳ್ಳಿಯ ತಾಯಂದಿರು ಮುಂದೆ ಹುಟ್ಟಿದ ಹೆಣ್ಣುಮಕ್ಕಳಿಗೆ ಆ ಹೆಸರನ್ನೇ ಇಟ್ಟರು. ಬರಿಯ ಮೇರಿ ಇದ್ದವಳು ಮೇರಿ ಫಿಲೋಮಿನ ಆದಳು, ಪುಷ್ಪ ಇದ್ದವಳು ಪುಷ್ಪ ಫಿಲೋಮಿನ ಆದಳು. ಕ್ಸೇವಿಯರನ್ನು ಚೌರಪ್ಪನನ್ನಾಗಿ, ಇಗ್ನಾಸಿಯನ್ನು ಇನ್ನಾಸಪ್ಪನನ್ನಾಗಿ, ಲೂರ್ದು ಮಾತೆಯನ್ನು ಲೂರ್ದಮ್ಮನನ್ನಾಗಿ ಮಾಡಿಕೊಂಡ ನಮ್ಮ ಜನರ ನಾಲಿಗೆ ಗ್ರೀಕರ ಫಿಲೂಮೆನೆಯನ್ನೂ ಪಿಲೋಮಿನಮ್ಮ ಮಾಡಿ ಹೊಲಗದ್ದೆಗಳಲ್ಲಿ ಕೂಗಿ ಕರೆಯಿತು.

ಈಗ ನಿಜವಾದ ತೊಡಕಿಗೆ ಬರೋಣ. ಕಾವೇರಿಯ ದಡದ ಹಳ್ಳಿಯೊಂದರ ಎಪ್ಪತ್ತು ದಾಟಿದ ತಾಯಿಯೊಬ್ಬರು, ಆ ಹೆಸರಿನವರೇ, ನಮ್ಮನ್ನು ಕೇಳಿದರು: “ಸ್ವಾಮೀ, ನಮ್ಮೆಸರಿನ ಸಂತರ್ನ ಪಟ್ಟಿಯಿಂದ ತಗ್ದಾಕ್ಬುಟ್ಟವ್ರಂತಲ್ಲ, ಅಂಗಾರೆ ನಾನು ಇಷ್ಟ್ ದಿನ ಯಾರೆಸರ್ನಲ್ಲಿ ಬಾಳ್ದೆ?” ಕಾಲೇಜು ಓದುವ ಮೊಮ್ಮಗಳು ಎಲ್ಲಿಯೋ ಓದಿಕೊಂಡು ಬಂದು ಅವರಿಗೆ ಹೇಳಿದ್ದಳು. ಹೊಸ ಮಗುವಿಗೆ ಆ ಹೆಸರು ಬೇಡವೆನ್ನಲು ಮನೆಯವರಿಗೆ ಅದೊಂದು ಕಾರಣವೂ ಆಗಿತ್ತು. ಇಂಥ ಪ್ರಶ್ನೆಗೆ ‘ಅದೆಲ್ಲ ಸುಳ್ಳು’ ಎಂದು ಸಮಾಧಾನ ಹೇಳಿ ಕಳುಹಿಸುವುದು ಸರಿಯಲ್ಲ. ಏಕೆಂದರೆ ಅದು ಸುಳ್ಳಲ್ಲ. 1961ರ ಫೆಬ್ರವರಿಯಲ್ಲಿ ರೋಮಿನ ಪೂಜಾವಿಧಿಗಳ ಆಯೋಗವು ಫಿಲೋಮಿನಳ ಹಬ್ಬವನ್ನು ಎಲ್ಲ ಪೂಜಾ ಪಂಚಾಂಗಗಳಿಂದಲೂ ತೆಗೆಯುವಂತೆ ಸೂಚಿಸಿತು. ಕಾರಣ ಹಂಚುಗಳೇ. ಹಂಚುಗಳ ಕ್ರಮ ತಪ್ಪಿದ್ದುದನ್ನು ಗಮನಿಸಿದ ಪುರಾತತ್ತ್ವಜ್ಞ ಮಾರುಕ್ಕಿಯವರು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ, ಅವು ಹಳೆಯ ಸಮಾಧಿಯೊಂದರಿಂದ ಕಿತ್ತು ತಂದು ಮತ್ತೆ ಬಳಸಿದ ಹಂಚುಗಳೆಂದು ವಾದಿಸಿದ್ದರು. ಹಾಗಾದರೆ ಹೆಸರು ಒಬ್ಬಳದು, ಅಸ್ಥಿ ಮತ್ತೊಬ್ಬಳದು. ಇನ್ನು ಗ್ರೀಕ್ ಅರಸನ ಮಗಳು, ಚಕ್ರವರ್ತಿ ಡಯೊಕ್ಲೀಷಿಯನ್ನನ ಚಿತ್ರಹಿಂಸೆ ಎಂಬ ಕಥೆಯು 1833ರಲ್ಲಿ ನೇಪಲ್ಸಿನ ಕನ್ಯಾಸ್ತ್ರೀಯೊಬ್ಬರು ಕಂಡ ದರ್ಶನದಿಂದ ಬಂದುದೇ ಹೊರತು ಚರಿತ್ರೆಯಿಂದಲ್ಲ. ಪಂಚಾಂಗದಿಂದ ತೆಗೆದದ್ದು ಹಬ್ಬವನ್ನು. ಖಾಸಗಿ ಭಕ್ತಿಯನ್ನು ಯಾರೂ ನಿಷೇಧಿಸಲಿಲ್ಲ, ಗುಡಿಗಳ ಹೆಸರನ್ನು ಅಳಿಸಲಿಲ್ಲ. ಆದರೆ ಪತ್ರಿಕೆಗಳಲ್ಲಿ ‘ಸಂತಪದವಿ ರದ್ದು’ ಎಂಬಂತೆ ಸುದ್ದಿ ಹಬ್ಬಿದ್ದರಿಂದ, ಆ ಹೆಸರು ಹೊತ್ತ ಹೆಣ್ಣುಮಕ್ಕಳಿಗೆ ಅವಮಾನವಾದಂತಾಯಿತು.

ಆ ತಾಯಿಯ ಪ್ರಶ್ನೆ ತತ್ತ್ವಶಾಸ್ತ್ರದ ಪ್ರಶ್ನೆಯೂ ಹೌದು. ಕನ್ನಡ ವ್ಯಾಕರಣವನ್ನು ಶಾಲೆಯಲ್ಲಿ ಓದಿದವರಿಗೆ ಅನ್ವರ್ಥನಾಮ, ಅಂಕಿತನಾಮಗಳ ವ್ಯತ್ಯಾಸ ನೆನಪಿರಬಹುದು. ಅರ್ಥಕ್ಕೆ ಅನುಗುಣವಾಗಿ ಬಂದದ್ದು ಅನ್ವರ್ಥನಾಮ. ಗುರುತಿಗಾಗಿ ಇಟ್ಟದ್ದು ಅಂಕಿತನಾಮ. ನಂಜನ್ನು ಉಂಡವನು ನಂಜುಂಡ ಎಂಬುದು ಅನ್ವರ್ಥ. ಆದರೆ ನಂಜನಗೂಡಿನ ಬೀದಿಯಲ್ಲಿ “ನಂಜಮ್ಮಾ” ಎಂದು ಕೂಗಿದರೆ ವಿಷವನ್ನು ನೆನೆಯುವವರು ಯಾರಿದ್ದಾರೆ? ತಿರುಗಿ ನೋಡುವವಳು ಒಬ್ಬ ಹೆಂಗಸು, ಅಷ್ಟೆ. ಅಮೆರಿಕದ ತತ್ತ್ವಜ್ಞಾನಿ ಸಾಲ್ ಕ್ರಿಪ್ಕೆಯವರು 1970ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ನೀಡಿದ ಉಪನ್ಯಾಸಗಳಲ್ಲಿ ಇದನ್ನೇ ಶಾಸ್ತ್ರೀಯವಾಗಿ ವಿವೇಚಿಸಿದರು. ವ್ಯಕ್ತಿಯ ಬಗ್ಗೆ ನಾವು ಬಲ್ಲ ಕಥೆಗಳು ಹೆಸರನ್ನು ಆತನಿಗೆ ಅಂಟಿಸುವುದಿಲ್ಲ. ಮೊದಲು ಹೆಸರಿಟ್ಟ ಘಟನೆಯಿಂದ ಬಾಯಿಂದ ಬಾಯಿಗೆ ಸಾಗಿಬಂದ ಸರಪಳಿಯೇ ಅದನ್ನು ಹಿಡಿದಿಡುತ್ತದೆ. ಆ ಮೊದಲ ಘಟನೆಗೆ ಅವರು ಬಳಸಿದ ಪದ ‘ದೀಕ್ಷಾಸ್ನಾನ’! ಅವರು ಕೊಟ್ಟ ಉದಾಹರಣೆಗಳಲ್ಲಿ ಪ್ರವಾದಿ ಯೋನನೂ ಒಬ್ಬ. ಮೀನಿನ ಹೊಟ್ಟೆಯ ಕಥೆ ನಡೆಯದೆ ಇದ್ದರೂ ಯೋನ ಎಂಬ ಹೆಸರು ಯೋನನನ್ನೇ ಸೂಚಿಸಬಲ್ಲದು.

ಇದನ್ನು ನಮ್ಮ ವಿಷಯಕ್ಕೆ ಅನ್ವಯಿಸಿ ನೋಡೋಣ. 1802ರಲ್ಲಿ ಸಮಾಧಿಯ ಮುಂದೆ ನಿಂತವರು ಆ ಬಾಲೆಯನ್ನು ಫಿಲೋಮಿನ ಎಂದು ಕರೆದರು. ಬದುಕಿದ್ದಾಗ ಆಕೆಯ ತಾಯಿ ಆಕೆಯನ್ನು ಬೇರೆ ಹೆಸರಿನಿಂದ ಕರೆದಿರಬಹುದು. ಆದರೂ ಅಂದಿನಿಂದ ಈ ಹೆಸರು ಹಿಡಿದು ಪ್ರಾರ್ಥಿಸಿದವರೆಲ್ಲ ನೆನೆದದ್ದು ಕ್ರೈಸ್ತರು ತಮ್ಮವರ ನಡುವೆ ಮಲಗಿಸಿದ ಆ ಒಬ್ಬ ಹುಡುಗಿಯನ್ನೇ. ಅವಳಿಗೆ ನಾವಿತ್ತ ಹೆಸರು ‘ಪ್ರಿಯಳು’. ಆ ಅಜ್ಜಿಗೆ ನಾವು ಹೇಳಿದ ಉತ್ತರ ಇದೇ, ಕ್ರಿಪ್ಕೆಯವರನ್ನು ಬಿಟ್ಟು. ಅವರು ಸ್ವಲ್ಪ ಹೊತ್ತು ಯೋಚಿಸಿ, “ಅಂಗಾರೆ ಅವ್ಳು ಇದ್ದದ್ದು ದಿಟ” ಎಂದರು.

ಇತರ ಕಡೆಗಳಲ್ಲಿಯೂ ಈ ಹೆಸರಿನ ಪಾಡು ಭಿನ್ನವಲ್ಲ. ಐರ್ಲೆಂಡಿನಲ್ಲಿ ಒಂದು ತಲೆಮಾರಿನ ಹೆಣ್ಣುಮಕ್ಕಳಿಗೆ ಧಾರಾಳವಾಗಿ ಇಟ್ಟ ಹೆಸರಿದು. ಮೈಸೂರಿನಲ್ಲಿ ಅಡಿಗಲ್ಲು ಬಿದ್ದ 1933ರಲ್ಲೇ ಅಲ್ಲಿ ಹುಟ್ಟಿದ ಫಿಲೋಮಿನ ಲೀ ಎಂಬವರ ಮಗುವನ್ನು ಕನ್ಯಾಸ್ತ್ರೀಯರ ಆಶ್ರಮವೊಂದು ಅವರಿಂದ ಬೇರ್ಪಡಿಸಿ ದತ್ತು ಕೊಟ್ಟ ಕಥೆ 2013ರಲ್ಲಿ ಚಲನಚಿತ್ರವಾಯಿತು. ಧರ್ಮಸಭೆಯ ನಾವು ಕಣ್ಣು ತಗ್ಗಿಸಿ ನೋಡಬೇಕಾದ ಚಿತ್ರ ಅದು.

ಹೆಸರಿಡುವ ಕುಟುಂಬಗಳಿಗೆ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. 1917ರ ಧರ್ಮಸಭಾ ಕಾನೂನು ಕ್ರೈಸ್ತ ಹೆಸರನ್ನು ಕಡ್ಡಾಯ ಮಾಡಿತ್ತು. ಹೆತ್ತವರು ಒಪ್ಪದಿದ್ದರೆ ಗುರುಗಳೇ ಒಬ್ಬ ಸಂತರ ಹೆಸರನ್ನು ಸೇರಿಸಿ ಬರೆಯಬೇಕಿತ್ತು. 1983ರ ಸಂಹಿತೆಯ 855ನೆಯ ವಿಧಿ ಕೇಳುವುದು ಇಷ್ಟೆ: ಹೆಸರು ಕ್ರೈಸ್ತ ಭಾವನೆಗೆ ಹೊರತಾಗಿರಬಾರದು. ಫಿಲೋಮಿನ ಎಂಬ ಹೆಸರಿಗೆ ಯಾವ ಅಡ್ಡಿಯೂ ಇಲ್ಲ. ಅರಸುಕುವರಿಯ ಕಥೆಯನ್ನು ಚರಿತ್ರೆಯೆಂದು ಮಕ್ಕಳಿಗೆ ಹೇಳಬೇಡಿ. ಮುಂದೊಂದು ದಿನ ಅವರು ಓದಿ ತಿಳಿದಾಗ ಕಥೆಯೊಡನೆ ವಿಶ್ವಾಸವನ್ನೂ ಬಿಸಾಡಿಯಾರು. ಮೂರು ಹಂಚುಗಳ ಕಥೆಯನ್ನು ಹೇಳಿ, ಅದೇ ಸಾಕಷ್ಟು ಸೊಗಸಾಗಿದೆ. ಕಿಯಾರಾ ಎಂಬ ಹೆಸರೇ ಬೇಕೆನ್ನುವ ತಾಯಂದಿರಿಗೆ ಇನ್ನೊಂದು ಮಾತು: ಇಟಲಿಯವರು ಅಸ್ಸಿಸಿಯ ಸಂತ ಕ್ಲಾರಳನ್ನು ಕರೆಯುವುದು ಹಾಗೆಯೇ, ಮತ್ತು ಈಗಿನ ಪಂಚಾಂಗದಲ್ಲಿ ಕ್ಲಾರಳ ಸ್ಮರಣೆ ಆಗಸ್ಟ್ 11. ಫಿಲೋಮಿನಳ ಹಬ್ಬದ ದಿನವೂ ಅದೇ. ಅಜ್ಜಿಗೂ ಮೊಮ್ಮಗಳಿಗೂ ಒಂದೇ ದಿನ ಪಾಯಸ ಮಾಡಬಹುದು.

ಕೊನೆಯದಾಗಿ ಕಚೇರಿಯ ವಿಷಯ. ಚರ್ಚಿನ ದಾಖಲೆ ಪುಸ್ತಕದಲ್ಲಿ ಫಿಲೋಮಿನ, ಶಾಲೆಯ ವರ್ಗಾವಣೆ ಪತ್ರದಲ್ಲಿ ಪಿಲೋಮಿನಮ್ಮ, ಆಧಾರ್ ಕಾರ್ಡಿನಲ್ಲಿ ಮೇರಿ ಫಿಲೋಮಿನಾ ಎಂದಿದ್ದು, ವಿಧವಾ ವೇತನಕ್ಕಾಗಿ ಅಲೆಯುವ ವೃದ್ಧೆಯರನ್ನು ನಾವು ಕಂಡಿದ್ದೇವೆ. ಅಜ್ಜಿಯ ಹೆಸರನ್ನು ಮಗುವಿಗೆ ಇಡುವವರು ಹೆಸರು ಬರೆಸಲು ಬರುವಾಗ ಜನನ ಪ್ರಮಾಣಪತ್ರವನ್ನು ಜೊತೆಗೆ ತನ್ನಿ. ಅದರಲ್ಲಿರುವ ಅಕ್ಷರಗಳಂತೆಯೇ ನಾವೂ ಬರೆದುಕೊಳ್ಳುತ್ತೇವೆ.