ದ್ವೀಪ ಕಟ್ಟಿಕೊಂಡವರ ಭಾನುವಾರ

‘ಅಲ್ಲಿ ನಮ್ಮವರು ಇದ್ದಾರಾ?’ ಪರವೂರಿಗೆ ಹೊರಟವನಿಗೆ ನಮ್ಮ ಕಡೆ ಕೇಳುವ ಮೊದಲ ಪ್ರಶ್ನೆ ಇದು. ಇದ್ದಾರೆ ಅಂದರೆ ಮನೆಮಂದಿಗೆಲ್ಲ ಸಮಾಧಾನ. ನನ್ನ ತಕರಾರು ಇರುವುದೇ ಈ ಸಮಾಧಾನದ ಮೇಲೆ. ‘ನಮ್ಮವರು’ ಅಂದರೆ ಯಾರು ಸ್ವಾಮಿ?

ಕುರಕುಂಭ ಅಂದರೆ ನಿಮ್ಮಲ್ಲಿ ಹಲವರಿಗೆ ಗೊತ್ತಾಗಲಿಕ್ಕಿಲ್ಲ. ಪುಣೆ-ಸೋಲಾಪುರ ಹೆದ್ದಾರಿಯ ಮೇಲೆ, ಪುಣೆಯಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿ, ದೌಂಡ ತಾಲೂಕಿನಲ್ಲಿರುವ ಊರು. ಫಿರಂಗಾಯಿ ದೇವಿಯ ಗುಡಿ ಇದೆ, ಸುತ್ತ ಕಬ್ಬಿನ ಹೊಲಗಳಿವೆ, ಮಗ್ಗುಲಲ್ಲೇ ಎಂಐಡಿಸಿಯ ಕೆಮಿಕಲ್ ಕಾರ್ಖಾನೆಗಳ ಸಾಲು. ಮಗ ಅದರಲ್ಲೊಂದರಲ್ಲಿ ಇಂಜಿನಿಯರ್. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನಾನೂ ಇಲ್ಲಿಗೇ ಬಂದೆ.

ಇಲ್ಲಿ ಕನ್ನಡಿಗರು ಎರಡು ಥರ. ಕಂಪನಿಯ ಬ್ಯಾಡ್ಜ್ ಹಾಕಿಕೊಂಡವರು ಒಂದು ಕಡೆ. ಗುತ್ತಿಗೆದಾರನ ಕೈಕೆಳಗೆ ಚೀಲ ಹೊರುವವರು, ಟ್ಯಾಂಕ್ ತೊಳೆಯುವವರು, ಗೋಡೆ ಕಟ್ಟುವವರು ಇನ್ನೊಂದು ಕಡೆ. ಅಫಜಲಪುರ, ಇಂಡಿ, ಆಳಂದದ ಕಡೆಯವರು. ಮೊದಲಿನವರ ಭಾನುವಾರ ಹೇಗಿರುತ್ತದೆ ಅಂದರೆ: ಬೆಳಿಗ್ಗೆ ಕಾರು ತೆಗೆದು ಪುಣೆಗೆ ಹೋಗುವುದು, ದೋಸೆ ತಿನ್ನುವುದು, ಯಾರದೋ ಮನೆಯಲ್ಲಿ ಸೇರುವುದು. ಬಿಸಿಬೇಳೆಬಾತಿನ ಜೊತೆಗೆ ಬೆಂಗಳೂರಿನ ಸೈಟಿನ ರೇಟು, ಮಕ್ಕಳ ರ‍್ಯಾಂಕು, ‘ಈ ಮರಾಠಿ ಜನ ಹೀಗೆ, ಹಾಗೆ’ ಎಂಬ ಮಾತು. ರಾತ್ರಿ ವಾಪಸು. ಪಕ್ಕದ ಮನೆಯ ಮರಾಠಿಯವನ ಹೆಸರು ಕೇಳಿ ನೋಡಿ. ಹತ್ತು ವರ್ಷ ಇದ್ದವರಿಗೂ ಗೊತ್ತಿರುವುದಿಲ್ಲ.

ದೂರದ ದ್ವೀಪಗಳಿಗೆ ಸ್ವಯಂಸೇವೆಗೆ ಹೋಗುವ ಹುಡುಗರ ಬಗ್ಗೆ ನಾವು ತಮಾಷೆ ಮಾಡುತ್ತೇವೆ: ವಾರವಿಡೀ ಸೇವೆ, ಶನಿವಾರ ಸಂಜೆ ತಮ್ಮವರದೇ ಗುಂಪು, ಸಮುದ್ರದಂಡೆ, ಹಾಡು, ಆ ಊರಿನವರು ಮಾತ್ರ ಆಚೆ. ಸಮುದ್ರವೇ ಇಲ್ಲದ ಕುರಕುಂಭದಲ್ಲೂ ನಾವು ಮಾಡುವುದು ಅದನ್ನೇ ಅಲ್ಲವೇ? ವರ್ಷಕ್ಕೊಮ್ಮೆ ‘ಸೇವಾ ಕಾರ್ಯಕ್ರಮ’ ಬೇರೆ. ಚಳಿಗಾಲದಲ್ಲಿ ಕಂಬಳಿ ಹಂಚುವುದು, ಹಿಂದೆ ಬ್ಯಾನರು, ಮುಂದೆ ಫೋಟೋ. ಕಂಬಳಿ ಬೇಡ ಅನ್ನುತ್ತಿಲ್ಲ. ಆದರೆ ಅದನ್ನು ಹೊದ್ದವನ ಹೆಸರು ಕೊಟ್ಟವನಿಗೆ ಗೊತ್ತಿಲ್ಲದಿದ್ದರೆ ಅದು ಸೇವೆಯಲ್ಲ, ಪಿಕ್‌ನಿಕ್ಕಿನ ಮುಂದುವರಿದ ಭಾಗ.

ಈಗ ಎರಡನೆಯವರ ಭಾನುವಾರ ನೋಡಿ. ಕೆಮಿಕಲ್ ಕಾರ್ಖಾನೆಯ ಯಂತ್ರಕ್ಕೆ ವಾರದ ರಜೆ ಇಲ್ಲ; ಮೂರು ಪಾಳಿ ಓಡುತ್ತಲೇ ಇರಬೇಕು. ‘ಐತವಾರ ಅಂದ್ರ ನಮಗ ಅರಿವಿ ಒಗಿಯೂ ದಿನಾ ರೀ ಸಾಹೇಬ್ರ, ಅದೂ ಸೂಟಿ ಸಿಕ್ಕರ’ ಅಂದಳು ಒಬ್ಬಾಕೆ. ಇವರಿಗೆ ಬೇಕಾದದ್ದು ಬಹಳ ಸಣ್ಣದು: ಒಂದು ಫಾರ್ಮು ತುಂಬಿಕೊಡುವ ಕೈ, ಮರಾಠಿ ನೋಟೀಸು ಓದಿ ಹೇಳುವ ಬಾಯಿ. ಅಫಜಲಪುರದ ರೇಷನ್ ಕಾರ್ಡು ಇಲ್ಲಿನ ಅಂಗಡಿಯಲ್ಲೂ ನಡೆಯುತ್ತದೆ. 2022ರಿಂದ ಇದು ಎಲ್ಲ ರಾಜ್ಯಗಳಲ್ಲೂ ಜಾರಿಯಲ್ಲಿದೆ. ಆಧಾರ್ ಜೋಡಣೆಯಾಗಿರಬೇಕು ಅಷ್ಟೇ. ಅರ್ಧ ಪಾಲು ಊರಲ್ಲಿ, ಅರ್ಧ ಇಲ್ಲಿ ತೆಗೆದುಕೊಳ್ಳಬಹುದು. ಹೇಳುವವರು ಯಾರು?

ಸುರಕ್ಷಾ ಬಿಮಾ ಯೋಜನೆ ಅಂತ ಇದೆ. 2015ರಲ್ಲಿ ಬಂತು, ವರ್ಷಕ್ಕೆ 12 ರೂಪಾಯಿ ಇದ್ದದ್ದು 2022ರ ಜೂನ್‌ನಿಂದ 20 ಆಗಿದೆ. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಆದರೆ ಮೇ ಕೊನೆಗೆ ಖಾತೆಯಲ್ಲಿ ಆ 20 ರೂಪಾಯಿ ಇಲ್ಲದಿದ್ದರೆ ವಿಮೆ ಬಿದ್ದುಹೋಗುತ್ತದೆ. ಒಂದು ದೋಸೆಗೂ ಸಾಲದ ದುಡ್ಡು! ನಾಮಿನಿ ಹೆಸರಿಲ್ಲದ ಖಾತೆಗಳನ್ನು ನಾನು ಇಲ್ಲಿ ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಒಂದು ಶಾಖೆಯವರು ನಾಮಿನಿ ಫಾರ್ಮನ್ನು ‘ನಿಮ್ಮೂರಿನ ಶಾಖೆಗೇ ಹೋಗಿ’ ಅಂತ ಮೂರು ಸಲ ವಾಪಸು ಕಳಿಸಿದರು. ಒಂದು ದಿನದ ಕೂಲಿ ಬಿಟ್ಟು ಊರಿಗೆ ಹೋಗುವುದು ಅಂದರೆ ಏನು ಅಂತ ಕೌಂಟರಿನ ಆಚೆ ಕೂತವರಿಗೆ ತಿಳಿಯುವುದು ಕಷ್ಟ.

ನನ್ನ ಭಾನುವಾರದ ಸಂಜೆ ಹೆದ್ದಾರಿ ಬದಿಯ ಚಹಾದಂಗಡಿಯ ಬೆಂಚಿನ ಮೇಲೆ. ಜೊತೆಗೆ ನಿವೃತ್ತ ಮರಾಠಿ ಮಾಸ್ತರರೊಬ್ಬರು. ಅವರು ಕಾಗದ ಓದುತ್ತಾರೆ, ನಾನು ಕನ್ನಡದಲ್ಲಿ ಬಿಡಿಸಿ ಹೇಳುತ್ತೇನೆ. ಮಧ್ಯೆ ಪೋಹೆ, ಚಹಾ, ಮಳೆ-ಬೆಳೆ, ಒಂದಿಷ್ಟು ನಗೆ. ಇದಕ್ಕಿಂತ ಒಳ್ಳೆಯ ‘ಸೋಶಿಯಲ್ ಲೈಫ್’ ನನಗೆ ಪುಣೆಯಲ್ಲಿ ಸಿಕ್ಕಿಲ್ಲ.

‘ವಾರವಿಡೀ ದುಡಿದವರು ಒಂದು ದಿನ ನಮ್ಮ ಭಾಷೆ ಮಾತಾಡಿಕೊಂಡು ಇರಬಾರದೇ?’ ಅಂತ ಕೇಳುತ್ತಾರೆ. ಖಂಡಿತ ಇರಬೇಕು. ಪರಭಾಷೆಯಲ್ಲಿ ಆರು ದಿನ ಕಳೆದವನಿಗೆ ತಾಯಿನುಡಿಯ ಹಸಿವು ಎಂಥದ್ದು ಅಂತ ನಾನೂ ಬಲ್ಲೆ. ಪುಣೆಯ ಕನ್ನಡ ಸಂಘ ಕನ್ನಡ ಮಾಧ್ಯಮ ಶಾಲೆಯನ್ನೇ ನಡೆಸಿದೆ. ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ನಾನು ಕೇಳುವುದು ಇಷ್ಟೇ: ಕನ್ನಡ ಮಾತಾಡಲು 80 ಕಿಲೋಮೀಟರ್ ಹೋಗುವವರಿಗೆ, ಗೇಟಿನ ಹೊರಗೆ ತಗಡಿನ ಶೆಡ್ಡಿನಲ್ಲಿ ಆಡುವ ಕನ್ನಡ ಯಾಕೆ ಕೇಳುವುದಿಲ್ಲ? ಅವರ ಭಾಷೆ ಕನ್ನಡವೇ. ನಮ್ಮ ಸಂಬಳದ ಚೀಟಿ ಅವರ ಹತ್ತಿರ ಇಲ್ಲ, ಅಷ್ಟೇ ವ್ಯತ್ಯಾಸ.

ಮತ್ತೆ ಈ ನೆಲ ನಮಗೆ ಪರಕೀಯವೂ ಅಲ್ಲ. ದೌಂಡದ ಪಕ್ಕ ಹರಿಯುವ ಭೀಮೆ ಪಂಢರಪುರ ದಾಟಿ ಕಲಬುರಗಿ ಜಿಲ್ಲೆಗೇ ಬರುತ್ತಾಳೆ. ಆಷಾಢದಲ್ಲಿ ತುಕಾರಾಮರ ಪಾಲಖಿ ಇದೇ ತಾಲೂಕಿನ ಯವತ, ವರವಂಡದಲ್ಲಿ ತಂಗಿ ಹೋಗುತ್ತದೆ. ಆ ವಿಠ್ಠಲನನ್ನು ಕನ್ನಡಿಗ ಅಂತ ಕರೆದವರು ಮರಾಠಿಯ ಜ್ಞಾನೇಶ್ವರರೇ. ಮರಾಠಿ ಭಕ್ತರು ದತ್ತನನ್ನು ಹುಡುಕಿಕೊಂಡು ನಮ್ಮ ಗಾಣಗಾಪುರಕ್ಕೆ ಬರುತ್ತಾರೆ. ದೇವರುಗಳೇ ಗಡಿ ದಾಟಿ ಓಡಾಡುವಾಗ ನಾವು ನಾಲ್ಕು ಸೋಫಾ ಹಾಕಿಕೊಂಡು ದ್ವೀಪ ಕಟ್ಟಿಕೊಳ್ಳುವುದೇಕೆ?

ಆದ್ದರಿಂದ ಊರಲ್ಲಿರುವ ತಂದೆತಾಯಿಗಳಿಗೆ ಒಂದು ಮಾತು. ಪರವೂರಿನಲ್ಲಿರುವ ಮಗನೋ ಮಗಳೋ ಫೋನು ಮಾಡಿದಾಗ ‘ನಮ್ಮವರು ಇದ್ದಾರಾ’ ಅಂತ ಕೇಳಿ ಸುಮ್ಮನಾಗಬೇಡಿ. ಪಕ್ಕದ ಮನೆಯವರ ಹೆಸರೇನು, ಗೇಟಿನ ಹೊರಗಿನ ನಮ್ಮವರು ಯಾವ ಊರಿನವರು ಅಂತ ಕೇಳಿ. ಉತ್ತರ ಬರದಿದ್ದರೆ, ಮುಂದಿನ ಭಾನುವಾರ ತಿಳಿದುಕೊಂಡು ಹೇಳು ಅನ್ನಿ.