ಟಿವಿ ಕೋರ್ಟಿನ ತೀರ್ಪಿಗೆ ಮೇಲ್ಮನವಿ ಎಲ್ಲಿ?

ಕ್ರೈಂ ಸ್ಟೋರಿ ಅಂದ್ರೆ ನಮಗೂ ಇಷ್ಟಾನೇ. ಇಂಟರ್ನಲ್ಸ್ ಹಿಂದಿನ ರಾತ್ರಿ ಕೂಡ ಹಾಸ್ಟೆಲಿನಲ್ಲಿ ಯಾರದೋ ಲ್ಯಾಪ್‌ಟಾಪಿನಲ್ಲಿ ಒಂದು ಕೊಲೆ ಕೇಸು ಓಡ್ತಾ ಇರುತ್ತೆ. ಆದ್ರೆ ಈ ಮನರಂಜನೆಯ ಬೆಲೆ ಯಾರು ತೆರ್ತಾರೆ? ಅದು ಗೊತ್ತಾಗಬೇಕಾದ್ರೆ ಅಮೆರಿಕದ ನ್ಯಾನ್ಸಿ ಗ್ರೇಸ್ ಅವರ ಕಥೆ ನೋಡಬೇಕು.

1979ರಲ್ಲಿ ಅವರು ಮದುವೆಯಾಗಬೇಕಿದ್ದ ಹುಡುಗನ ಕೊಲೆಯಾಯಿತು. ಸಾಹಿತ್ಯ ಕಲಿಸುವ ಕನಸು ಬಿಟ್ಟು ಕಾನೂನು ಓದಿದರು. ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ ಸುಮಾರು ಹತ್ತು ವರ್ಷ ಪ್ರಾಸಿಕ್ಯೂಟರ್ ಆಗಿ ಸರ್ಕಾರದ ಪರ ವಾದಿಸಿದರು. ಆಮೇಲೆ ಕೋರ್ಟ್ ಟಿವಿ ಸೇರಿದರು. 2005ರಿಂದ 2016ರವರೆಗೆ ಎಚ್‌ಎಲ್‌ಎನ್ ವಾಹಿನಿಯಲ್ಲಿ ಅವರದೇ ಹೆಸರಿನ ಕಾರ್ಯಕ್ರಮ ನಡೆಯಿತು. ಸತ್ತವರ ಪರ ಮಾತಾಡೋಕೆ ಒಬ್ಬರು ಬೇಕು ಅನ್ನೋ ಅವರ ಸಿಟ್ಟು ನಮಗೆ ಅರ್ಥವಾಗುತ್ತೆ. ಕಾಣೆಯಾದ ಮಕ್ಕಳ ಸುದ್ದಿಯನ್ನು ಬಿಡದೆ ಹಿಡಿದದ್ದೂ ಸಣ್ಣ ಕೆಲಸವಲ್ಲ.

ನಮ್ಮ ತಕರಾರು ಬೇರೆ. ಕೋರ್ಟಿನಲ್ಲಿ ಪ್ರಾಸಿಕ್ಯೂಟರ್ ಎಷ್ಟೇ ಜೋರಾಗಿ ವಾದಿಸಲಿ, ಎದುರಿಗೆ ಆರೋಪಿಯ ವಕೀಲರಿರ್ತಾರೆ, ಪಾಟೀಸವಾಲು ಇರುತ್ತೆ, ತಪ್ಪಿದರೆ ತಿದ್ದೋಕೆ ಮೇಲಿನ ಕೋರ್ಟ್ ಇರುತ್ತೆ. 1997ರಲ್ಲಿ ಜಾರ್ಜಿಯಾ ಸುಪ್ರೀಂ ಕೋರ್ಟ್, ಗ್ರೇಸ್ ಗೆದ್ದಿದ್ದ ಒಂದು ಕೊಲೆ ಕೇಸಿನ ಶಿಕ್ಷೆಯನ್ನು ರದ್ದು ಮಾಡಿತು. ಅವರು ಕೇಸು ನಡೆಸಿದ ರೀತಿಯನ್ನೂ ಕಟುವಾಗಿ ಟೀಕಿಸಿತು. ಟಿವಿಗೆ ಬಂದಾಗ ವಾದ ಮಾತ್ರ ಉಳಿಯಿತು, ತಿದ್ದುವವರು ಉಳಿಯಲಿಲ್ಲ.

2006ರ ಡ್ಯೂಕ್ ವಿಶ್ವವಿದ್ಯಾಲಯದ ಕೇಸನ್ನೇ ತಗೊಳ್ಳಿ. ಮೂವರು ಲಕ್ರಾಸ್ ಆಟಗಾರರ ಮೇಲೆ ಅತ್ಯಾಚಾರದ ಆರೋಪ ಬಂತು. ನಮ್ಮದೇ ವಯಸ್ಸಿನ ಹುಡುಗರು. ಗ್ರೇಸ್ ಅವರ ಮಾತಿನ ಧಾಟಿಯಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. 2007ರ ಏಪ್ರಿಲ್‌ನಲ್ಲಿ ನಾರ್ತ್ ಕೆರೊಲಿನಾದ ಅಟಾರ್ನಿ ಜನರಲ್ ಮೂವರೂ ನಿರಪರಾಧಿಗಳು ಅಂತ ಘೋಷಿಸಿದರು. ಕೇಸು ಹಾಕಿದ್ದ ಪ್ರಾಸಿಕ್ಯೂಟರ್ ವಕೀಲಿ ಸನ್ನದನ್ನೇ ಕಳೆದುಕೊಂಡರು. ಟಿವಿ ಕಾರ್ಯಕ್ರಮ ಇನ್ನೂ ಒಂಬತ್ತು ವರ್ಷ ನಡೆಯಿತು!

2011ರಲ್ಲಿ, ಮಗಳನ್ನು ಕೊಂದ ಆರೋಪ ಹೊತ್ತಿದ್ದ ಕೇಸಿ ಆಂಥನಿಯನ್ನು ಜ್ಯೂರಿ ಕೊಲೆ ಆರೋಪದಿಂದ ಬಿಡುಗಡೆ ಮಾಡಿತು. ಗ್ರೇಸ್ ವರ್ಷಗಟ್ಟಲೆ ಹೇಳಿಕೊಂಡು ಬಂದದ್ದಕ್ಕೆ ತೀರ್ಪು ತದ್ವಿರುದ್ಧ. ಆದ್ರೆ ಆ ದಿನ ಎಚ್‌ಎಲ್‌ಎನ್‌ಗೆ ಸಿಕ್ಕಷ್ಟು ವೀಕ್ಷಕರು ಅದಕ್ಕೆ ಹಿಂದೆಂದೂ ಸಿಕ್ಕಿರಲಿಲ್ಲ. ಅಂದ್ರೆ ಹೇಳಿದ್ದು ಕೋರ್ಟಿನಲ್ಲಿ ನಿಲ್ಲದಿದ್ದರೂ ವಾಹಿನಿಗೆ ನಷ್ಟವಿಲ್ಲ. ನೋಡೋ ನಾವು ಇರೋವರೆಗೂ ಹೀಗೇ.

ಹಾಗಂತ ಕ್ರೈಂ ಶೋ ನಿಲ್ಲಿಸಿ ಅಂತ ನಾವು ಹೇಳ್ತಿಲ್ಲ. ಕಾನೂನು ಬಲ್ಲವರು ಟಿವಿಯಲ್ಲಿ ಕೂತು ಕೇಸನ್ನು ಬಿಡಿಸಿ ಹೇಳಿದರೆ ಒಳ್ಳೆಯದೇ. ಎದುರು ಪಕ್ಷದ ವಾದವನ್ನೂ ಅಷ್ಟೇ ಹೊತ್ತು ಕೇಳಿಸಲಿ; ತಪ್ಪಾದಾಗ ಆರೋಪ ಮಾಡಿದಷ್ಟೇ ಜೋರು ದನಿಯಲ್ಲಿ ತಿದ್ದಿಕೊಳ್ಳಲಿ. ನಾವೂ ಒಂದು ಕ್ಲಿಪ್ ಫಾರ್ವರ್ಡ್ ಮಾಡುವ ಮುಂಚೆ ಅದರಲ್ಲಿರೋ ವ್ಯಕ್ತಿ ಆರೋಪಿಯೋ ಅಪರಾಧಿಯೋ ಅಂತ ನೋಡೋಣ. ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ಪದ ಇದೆ. ಅವೆರಡರ ನಡುವೆ ಒಂದಿಡೀ ವಿಚಾರಣೆ ನಡೆಯಬೇಕು.